ಲಾವಾದ ಮೇಲೆ ಹಾಸಿದ ರಸ್ತೆ

ಐಸ್‌ಲ್ಯಾಂಡನ್ನು ಒಂದು ಸುತ್ತು ಹಾಕುವ ಒಂದನೇ ನಂಬರ್ ರಸ್ತೆ ಪೂರ್ತಿ ಉಂಗುರವಾಗಿ ಕೂಡಿಕೊಂಡದ್ದು 1974ರಲ್ಲಿ. ಅಲ್ಲಿಯವರೆಗೆ ಆಗ್ನೇಯ ಮೂಲೆಯಲ್ಲಿ ಅದು ತುಂಡಾಗಿ ನಿಂತಿತ್ತು. ವಾಟ್ನಾಯೋಕುಲ್ ಎಂಬ ಮಹಾ ಹಿಮರಾಶಿಯ ಬುಡದಲ್ಲಿ ಸ್ಕೇಯ್ದರಾರ್‌ಸಾಂದುರ್ ಎಂಬ ಕಪ್ಪು ಮರಳಿನ ಬಯಲಿದೆ. ಹಿಮನದಿಗಳ ಬೂದುಬಣ್ಣದ ನೀರು ಆ ಬಯಲಲ್ಲಿ ಕವಲು ಕವಲಾಗಿ ಹರಿಯುತ್ತದೆ. ಈ ವರ್ಷ ಹರಿದ ಜಾಗದಲ್ಲಿ ಬರುವ ವರ್ಷ ಹರಿಯುತ್ತದೆಂದು ಹೇಳುವಂತಿಲ್ಲ. ಬಯಲಿನ ಈಚೆ ಊರಿನವರು ಕಾರಿನಲ್ಲಿ ಆಚೆ ಊರಿಗೆ ಹೋಗಬೇಕಾದರೆ ಇಡೀ ದ್ವೀಪವನ್ನು ಹಿಂದಿನಿಂದ ಸುತ್ತಿಕೊಂಡು ಬರಬೇಕಿತ್ತು. 1974ರಲ್ಲಿ ಅಲ್ಲಿ ಸುಮಾರು 900 ಮೀಟರ್ ಉದ್ದದ ಸೇತುವೆ ಎದ್ದಿತು. ದೇಶದ ಅತಿ ಉದ್ದದ ಸೇತುವೆ ಅದೇ ಆಗಿತ್ತು.

1996ರ ಸೆಪ್ಟೆಂಬರ್ ಕೊನೆಯಲ್ಲಿ ಆ ಹಿಮರಾಶಿಯ ಅಡಿಯಲ್ಲೇ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಹಿಮದ ಕೆಳಗೆ ಗ್ರಿಮ್ಸ್‌ವೋಟ್ನ್ ಎಂಬ ಕುಳಿಯಲ್ಲಿ ವಾರಗಟ್ಟಲೆ ತುಂಬಿಕೊಂಡಿತು. ತುಂಬಿದ ನೀರು ಕೊನೆಗೆ ಅಡ್ಡಗಟ್ಟಿದ ಹಿಮವನ್ನೇ ಎತ್ತಿ, ಅದರಡಿಯಿಂದ ದಾರಿ ಮಾಡಿಕೊಂಡು ನವೆಂಬರ್ 5ರಂದು ಬಯಲಿಗೆ ನುಗ್ಗಿತು. ಪ್ರವಾಹ ಉಕ್ಕಿದ ಹೊತ್ತಿನಲ್ಲಿ ಸೆಕೆಂಡಿಗೆ ಸುಮಾರು 50,000 ಘನ ಮೀಟರ್ ನೀರು, ಅದರ ಜೊತೆ ಮನೆಗಾತ್ರದ ಮಂಜುಗಡ್ಡೆಗಳು. ಉದ್ದದ ಸೇತುವೆಯ ಒಂದು ಭಾಗ ಹೋಯಿತು, ಪಕ್ಕದ ನದಿಯ ಸೇತುವೆ ಪೂರ್ತಿ ಹೋಯಿತು. ತಿರುಚಿಕೊಂಡ ಉಕ್ಕಿನ ತೊಲೆಗಳನ್ನು ಸ್ಕಾಫ್ಟಾಫೆಲ್‌ಗೆ ಸ್ವಲ್ಪ ಮೊದಲು ರಸ್ತೆ ಬದಿಯಲ್ಲಿ ನಿಲ್ಲಿಸಿದ್ದಾರೆ. ಅಲ್ಲಿ ಕಾರು ನಿಲ್ಲಿಸಿ, ಇಳಿದು, ಹತ್ತಿರ ಹೋಗಿ ನೋಡಬೇಕು. ಆಳೆತ್ತರದ ಉಕ್ಕಿನ ತೊಲೆ ಮಧ್ಯದಲ್ಲಿ ಹೊರಳಿಕೊಂಡಿದೆ, ಬೋಲ್ಟು ಕೂತಿದ್ದ ತೂತುಗಳು ಹರಿದು ಉದ್ದವಾಗಿವೆ.

ಈ ರಸ್ತೆಯಲ್ಲಿ ಕಾರು ಓಡಿಸಲು ಬೇಕಾದ ಮುಖ್ಯ ತಿಳಿವಳಿಕೆ ಅಲ್ಲೇ ಇದೆ. ಇಲ್ಲಿನ ವೇಗದ ಮಿತಿ, ಒಂದು ಸಲಕ್ಕೆ ಒಂದೇ ಗಾಡಿ ಹಿಡಿಸುವ ಒಂಟಿ ಸೇತುವೆ, ಇನ್ಶೂರೆನ್ಸಿನ ಷರತ್ತು, ಪಾಚಿಯ ಮೇಲೆ ಕಾಲಿಡಬೇಡಿ ಎಂಬ ಹಲಗೆ, ಇವುಗಳಲ್ಲಿ ಹೆಚ್ಚಿನವಕ್ಕೆ ನೆಲದಲ್ಲೋ ಗಾಳಿಯಲ್ಲೋ ಕಾರಣವಿದೆ. ಕಾರಣ ಗೊತ್ತಿದ್ದವರಿಗೆ ನಿಯಮ ನೆನಪಿಡುವುದು ಸುಲಭ. ಕಾರಣ ಗೊತ್ತಿಲ್ಲದೆ ಪಟ್ಟಿ ಬಾಯಿಪಾಠ ಮಾಡಿಕೊಂಡು ಹೋದವರು ಎಡವುವುದು ಪಟ್ಟಿಯಲ್ಲಿಲ್ಲದ ಜಾಗದಲ್ಲಿ.

ನೆಲದ ಕಥೆ ಚುಟುಕಾಗಿ ಇಷ್ಟು: ಅಟ್ಲಾಂಟಿಕ್ ಸಾಗರದ ನಡುವೆ ಉದ್ದಕ್ಕೂ ಹೋಗುವ ಬಿರುಕು ನೀರಿನ ಮೇಲೆ ಬಂದು ಕಾಣಿಸುವ ಜಾಗ ಐಸ್‌ಲ್ಯಾಂಡ್. ಉತ್ತರ ಅಮೆರಿಕದ ಫಲಕವೂ ಯುರೇಷಿಯಾದ ಫಲಕವೂ ಇಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರವಾಗುತ್ತಿವೆ, ಸಂದಿನಲ್ಲಿ ಹೊಸ ಬಸಾಲ್ಟ್ ತುಂಬಿಕೊಳ್ಳುತ್ತಿದೆ. 930ರಲ್ಲಿ ದೇಶದ ಮೊದಲ ಸಭೆ ಸೇರಿದ ಥಿಂಗ್ವೆಲ್ಲಿರ್ ಆ ಬಿರುಕಿನ ಕಣಿವೆಯಲ್ಲೇ ಇದೆ. ಬಸಾಲ್ಟ್ ನಮಗೆ ಹೊಸದಲ್ಲ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಕರಿಕಲ್ಲು ಅದೇ, ಗೋಳಗುಮ್ಮಟ ಕಟ್ಟಿದ್ದು ಅದರಲ್ಲೇ. ಆದರೆ ನಮ್ಮದು 6.6 ಕೋಟಿ ವರ್ಷದ ಹಿಂದಿನ ಲಾವಾ. ಮಳೆ ಬಿಸಿಲಿಗೆ ಕರಗಿ ಎರೆಮಣ್ಣಾಗಿ ಜೋಳ, ಹತ್ತಿ ಬೆಳೆಯುತ್ತಿದೆ. ಐಸ್‌ಲ್ಯಾಂಡಿನ ಅತಿ ಹಳೆಯ ಬಂಡೆಗೂ ಸುಮಾರು 1.6 ಕೋಟಿ ವರ್ಷ ಅಷ್ಟೇ, ರಸ್ತೆ ಬದಿಯಲ್ಲಿ ಕಾಣುವ ಎಷ್ಟೋ ಲಾವಾ ಬಯಲುಗಳು ಮನುಷ್ಯರ ಕಣ್ಣೆದುರೇ ಹರಿದಂಥವು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳನ್ನು ನೋಡಿದವರಿಗೆ ವೀಕ್ ಊರಿನ ಹತ್ತಿರದ ರೇನಿಸ್‌ಫ್ಯಾರಾ ಕಡಲತೀರದ ಕಂಬಗಳು ತಟ್ಟನೆ ಗುರುತು ಸಿಗುತ್ತವೆ. ಕಲ್ಲಿನ ಜಾತಿ ಬೇರೆಯಾದರೂ ಲಾವಾ ಆರುತ್ತಾ ಕುಗ್ಗಿ ಆರು ಮೂಲೆಯಾಗಿ ಬಿರಿಯುವ ರೀತಿ ಎರಡೂ ಕಡೆ ಒಂದೇ.

ಇನ್ನು ಲೆಕ್ಕಾಚಾರ. ಉಂಗುರದ ಉದ್ದ 1,322 ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗೆ ಹೋಗುವುದಕ್ಕಿಂತ ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೆಚ್ಚು, ಅಷ್ಟೇ ತಾನೆ ಎಂದುಕೊಂಡು ನಾಲ್ಕು ದಿನಕ್ಕೆ ಯೋಜನೆ ಹಾಕುವವರಿದ್ದಾರೆ. ಅದು ಬರೀ ಸ್ಟೀರಿಂಗ್ ಹಿಡಿಯುವ ಕೆಲಸವಾಗುತ್ತದೆ. ಏಳು ದಿನ ಕನಿಷ್ಠ, ಹತ್ತು ದಿನವಿದ್ದರೆ ಒಳ್ಳೆಯದು, ಹಾಳು ಹವಾಮಾನಕ್ಕೆಂದು ಒಂದು ದಿನ ಕೈಯಲ್ಲಿ ಉಳಿಸಿಕೊಂಡಿರಬೇಕು. ರೇಕ್ಯಾವಿಕ್‌ನಿಂದ ವೀಕ್‌ಗೆ ಸುಮಾರು 187 ಕಿಲೋಮೀಟರ್, ಹೊಫ್ನ್‌ನಿಂದ ಪೂರ್ವದ ಕಡಲಕೊರಕಲುಗಳನ್ನು ಬಳಸಿ ಎಗಿಲ್‌ಸ್ಟಾದಿರ್‌ಗೆ ಸುಮಾರು 250, ಅಲ್ಲಿಂದ ಮೀವಾತ್ನ್ ಸರೋವರಕ್ಕೆ 165, ಆಕುರೇಯ್ರಿಯಿಂದ ವಾಪಸ್ ರೇಕ್ಯಾವಿಕ್‌ಗೆ 388. ಟಾರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 90, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ 50. ನಿಂತು ನೋಡುವುದೆಲ್ಲ ಬಿಟ್ಟು, ಬರೀ ಓಟಕ್ಕೇ ಗಂಟೆಗೆ 65-70 ಕಿಲೋಮೀಟರ್ ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಎಡಸುತ್ತೋ ಬಲಸುತ್ತೋ ಎಂಬುದನ್ನು ಹೊರಡುವ ಹಿಂದಿನ ದಿನ ಹವಾಮಾನ ನೋಡಿ ನಿರ್ಧರಿಸಿದರೆ ಸಾಕು. ದಕ್ಷಿಣದಲ್ಲಿ ಬಿರುಗಾಳಿ ಇದ್ದಾಗ ಉತ್ತರ ಹೊಳವಾಗಿರುವುದು ಸಾಮಾನ್ಯ.

ಕಾಲ ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜೂನ್‌ನಲ್ಲಿ ರಾತ್ರಿ ಕತ್ತಲಾಗುವುದೇ ಇಲ್ಲ. ಡಿಸೆಂಬರ್‌ನಲ್ಲಿ ಹಗಲು ನಾಲ್ಕೈದು ಗಂಟೆ. ಹಿಮದ ಮೇಲೆ, ಅದೂ ಬಲಗಡೆಯಲ್ಲಿ, ಮೊದಲ ಸಲ ಓಡಿಸುವವರು ನವೆಂಬರ್‌ನಿಂದ ಮಾರ್ಚ್‌ವರೆಗೆ ಈ ಉಂಗುರ ಸುತ್ತಲು ಹೊರಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಳ್ಳುಟೈರು ಹಾಕಿಕೊಟ್ಟರೂ ಅಷ್ಟೇ. ಟೈರು ಹಿಡಿತ ಕೊಡುತ್ತದೆ, ಗಾಳಿ ಕಾರನ್ನು ಪಕ್ಕಕ್ಕೆ ತಳ್ಳಿದಾಗ ಏನು ಮಾಡಬೇಕೆಂಬ ಅಭ್ಯಾಸವನ್ನು ಕೊಡುವುದಿಲ್ಲ.

ನಮ್ಮ ಡ್ರೈವಿಂಗ್ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಟ್ಟುಕೊಳ್ಳುವುದು ಕ್ಷೇಮ. ಆರ್‌ಟಿಓದಲ್ಲಿ ಫಾರಂ 4ಎ ತುಂಬಿ, ಪಾಸ್‌ಪೋರ್ಟ್ ಮತ್ತು ವೀಸಾ ತೋರಿಸಿ ಪಡೆಯಬಹುದು. ಒಂದು ವರ್ಷ ನಡೆಯುತ್ತದೆ. ಸ್ಟೀರಿಂಗ್ ಎಡಕ್ಕಿರುವುದಕ್ಕೆ ಅರ್ಧ ದಿನದಲ್ಲಿ ಕೈ ಒಗ್ಗುತ್ತದೆ. ಅಪಾಯ ಇರುವುದು ಖಾಲಿ ರಸ್ತೆಯಲ್ಲಿ: ಪೆಟ್ರೋಲ್ ಬಂಕಿನಿಂದಲೋ ಫೋಟೋ ಜಾಗದಿಂದಲೋ ಹೊರಬಂದು, ಎದುರು ಯಾವ ಗಾಡಿಯೂ ಇಲ್ಲದಿದ್ದಾಗ, ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ಸಲ ‘ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಂಡರೆ ಒಳ್ಳೆಯದು. ಎರಡು ಸಾಲಿನ ವೃತ್ತಗಳಲ್ಲಿ ಹೊರಗೆ ಬರುವಾಗ ಒಳಸಾಲಿನವರಿಗೆ ಮೊದಲ ಹಕ್ಕು. ಹೊರಸಾಲಿನಲ್ಲಿದ್ದರೆ ನೀವು ಬಿಟ್ಟುಕೊಡಬೇಕು. ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಿರಬೇಕು.

ಕಾರು ಯಾವುದು? ಬೇಸಿಗೆಯಲ್ಲಿ ಉಂಗುರ ರಸ್ತೆಗೆ ಸಾಮಾನ್ಯ ಸಣ್ಣ ಕಾರು ಸಾಕು. 2019ರಿಂದ ಈ ರಸ್ತೆ ಪೂರ್ತಿ ಟಾರಾಗಿದೆ. ‘ಎಫ್’ ಅಕ್ಷರದಿಂದ ಶುರುವಾಗುವ ಒಳನಾಡಿನ ರಸ್ತೆಗಳಿಗೆ ಮಾತ್ರ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ ಕಡ್ಡಾಯ. ದುಡ್ಡು ಖರ್ಚು ಮಾಡಬೇಕಾದದ್ದು ದೊಡ್ಡ ಕಾರಿಗಲ್ಲ, ಇನ್ಶೂರೆನ್ಸಿಗೆ. ಮೂಲ ವಿಮೆಯ ಮೇಲೆ ಜಲ್ಲಿಕಲ್ಲಿನ ಹೊಡೆತಕ್ಕೆ ಒಂದು, ಮರಳು ಮತ್ತು ಬೂದಿಗೆ ಒಂದು ಎಂದು ಬೇರೆ ಬೇರೆ ಮಾರುತ್ತಾರೆ. ಮರಳು-ಬೂದಿಯದ್ದು ಕಂಪನಿಯವರ ಸುಮ್ಮನೆ ವಸೂಲಿ ಎಂದು ಅನಿಸುವುದು ಸಹಜ. ಆದರೆ ದಕ್ಷಿಣದ ಎರಡು ಮರಳುಬಯಲುಗಳಲ್ಲಿ ಗಾಳಿ ಎದ್ದರೆ ಜ್ವಾಲಾಮುಖಿ ಗಾಜಿನ ಚೂಪು ಕಣಗಳು ಕಾರಿನ ಒಂದು ಮಗ್ಗುಲ ಬಣ್ಣವನ್ನೇ ಉಜ್ಜಿ ತೆಗೆಯುತ್ತವೆ, ಕಿಟಕಿ ಗಾಜು ಮಸುಕಾಗುತ್ತದೆ. ಯಾವ ವಿಮೆಯೂ ಸಾಮಾನ್ಯವಾಗಿ ಕೊಡದ ಮೂರು ಬಾಬತ್ತುಗಳಿವೆ: ಗಾಳಿಗೆ ಮುರಿದ ಬಾಗಿಲು, ಕಾರಿನ ಹೊಟ್ಟೆಗೆ ಬಿದ್ದ ಹೊಡೆತ, ನದಿ ದಾಟುವಾಗ ನೀರು ನುಗ್ಗಿ ಕೆಟ್ಟ ಎಂಜಿನ್.

ಬಾಗಿಲಿನ ವಿಷಯವನ್ನು ಬಿಡಿಸಿ ಹೇಳಬೇಕು. ಗಾಳಿ ಹಿಂದಿನಿಂದ ಬೀಸುವಾಗ ಬಾಗಿಲು ಸ್ವಲ್ಪ ತೆರೆದರೂ ಅದು ಕೈಯಿಂದ ಕಿತ್ತುಕೊಂಡು ಮುಂದಕ್ಕೆ ಮಡಚಿಕೊಳ್ಳುತ್ತದೆ. ಕೀಲು ಬಾಗುತ್ತದೆ, ಬಾಗಿಲಿನ ಅಂಚು ಮುಂದಿನ ತಗಡಿಗೆ ಒತ್ತಿ ಅದೂ ನುಗ್ಗಾಗುತ್ತದೆ, ಆಮೇಲೆ ಬಾಗಿಲು ಮುಚ್ಚುವುದಿಲ್ಲ. ಉಳಿದ ದಾರಿಯನ್ನು ಹಗ್ಗ ಕಟ್ಟಿಕೊಂಡು ಹೋಗಬೇಕಾಗುತ್ತದೆ, ಬಿಲ್ಲು ಲಕ್ಷದ ಲೆಕ್ಕದಲ್ಲಿ ಬರಬಹುದು. ಕಾರಿನ ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ ನಿಲ್ಲಿಸಬೇಕು. ಆಗ ಗಾಳಿ ಬಾಗಿಲನ್ನು ಮುಚ್ಚುವ ಕಡೆಗೇ ತಳ್ಳುತ್ತದೆ. ಒಂದು ಕೈ ಬಾಗಿಲಿನ ಹಿಡಿಯ ಮೇಲೆ, ಇನ್ನೊಂದು ಚೌಕಟ್ಟಿನ ಮೇಲೆ ಇಟ್ಟು ನಿಧಾನವಾಗಿ ತೆರೆಯಬೇಕು. ಎರಡೂ ಮಗ್ಗುಲ ಬಾಗಿಲುಗಳನ್ನು ಒಟ್ಟಿಗೆ ತೆರೆಯಬಾರದು. ಹಿಂದೆ ಕೂತ ಮಕ್ಕಳಿಗೆ ಚೈಲ್ಡ್ ಲಾಕ್ ಹಾಕಿ, ದೊಡ್ಡವರು ಹೊರಗಿನಿಂದ ತೆರೆಯುವುದೇ ಸರಿ.

ಗಾಳಿಯನ್ನು ಅವರು ಅಳೆಯುವುದು ಸೆಕೆಂಡಿಗೆ ಇಷ್ಟು ಮೀಟರ್ ಎಂದು. 3.6ರಿಂದ ಗುಣಿಸಿದರೆ ನಮಗೆ ಅಭ್ಯಾಸವಿರುವ ಗಂಟೆಯ ಲೆಕ್ಕ ಸಿಗುತ್ತದೆ. 15 ಎಂದರೆ 54 ಕಿಲೋಮೀಟರ್, 20 ಎಂದರೆ 72. ರಸ್ತೆ ಬದಿಯ ಎಲೆಕ್ಟ್ರಾನಿಕ್ ಹಲಗೆಗಳಲ್ಲಿ ಗಾಳಿಯ ವೇಗವೂ ಉಷ್ಣಾಂಶವೂ ಕಾಣುತ್ತಿರುತ್ತದೆ. 15 ದಾಟಿದರೆ ಎತ್ತರದ ಕ್ಯಾಂಪರ್ ವ್ಯಾನುಗಳು ಊರಲ್ಲೇ ನಿಲ್ಲುವುದು ಲೇಸು. 20 ದಾಟಿದರೆ ಸಣ್ಣ ಕಾರೂ ನಿಲ್ಲಬೇಕು. ಸರಾಸರಿಗಿಂತ ಕೆಟ್ಟದ್ದು ಬೆಟ್ಟದ ಸಂದುಗಳಿಂದ ಇಳಿಯುವ ಹೊಡೆತದ ಗಾಳಿ. ಎಯ್ಯಾಫ್ಯಾಟ್ಲಾಯೋಕುಲ್ ಬೆಟ್ಟದ ಬುಡ, ಓರೈವಿ ಸೀಮೆ, ರೇಕ್ಯಾವಿಕ್‌ನ ಉತ್ತರಕ್ಕಿರುವ ಕ್ಯಾಲಾರ್ನೆಸ್, ಬೋರ್ಗಾರ್ನೆಸ್ ಎದುರಿನ ಹಾಫ್ನಾರ್‌ಫ್ಯಾಲ್ ಇದಕ್ಕೆ ಹೆಸರಾದ ಜಾಗಗಳು. ಬೆಳಿಗ್ಗೆ ಹೊರಡುವ ಮುನ್ನ ಹವಾಮಾನ ಇಲಾಖೆಯ ಪುಟದಲ್ಲಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನೂ ರಸ್ತೆ ಇಲಾಖೆಯ ನಕ್ಷೆಯನ್ನೂ ನೋಡಬೇಕು. ಮಧ್ಯಾಹ್ನ ಇನ್ನೊಮ್ಮೆ ನೋಡಬೇಕು.

ಒಂಟಿ ಸೇತುವೆಗಳು ಆಗ್ನೇಯದಲ್ಲಿ ಹೆಚ್ಚು. ಯಾವ ಪ್ರವಾಹ ಯಾವಾಗ ಕೊಚ್ಚಿಕೊಂಡು ಹೋಗುತ್ತದೋ ಗೊತ್ತಿಲ್ಲದ ಕಡೆ ಅಗಲದ ಸೇತುವೆ ಕಟ್ಟುವುದು ದುಬಾರಿ. 2011ರ ಜುಲೈನಲ್ಲಿ ಕಾಟ್ಲಾ ಜ್ವಾಲಾಮುಖಿಯ ಕಡೆಯಿಂದ ಬಂದ ನೀರು ಮೂಲಾಕ್ವಿಸ್ಲ್ ನದಿಯ ಸೇತುವೆಯನ್ನು ಒಯ್ದಾಗ ಕಾರುಗಳನ್ನು ದೊಡ್ಡ ಲಾರಿಗಳ ಮೇಲೆ ಹೇರಿ ನದಿ ದಾಟಿಸಿದರು, ಸುಮಾರು ವಾರದೊಳಗೆ ತಾತ್ಕಾಲಿಕ ಸೇತುವೆ ನಿಲ್ಲಿಸಿದರು. ಸೇತುವೆಗೆ ಮೊದಲು ಬರುವವರು ಮೊದಲು ದಾಟುವುದು ಅಲ್ಲಿನ ರೂಢಿ. ಆದರೆ ಎದುರಿನ ಗಾಡಿಯವರೂ ಹೊಸಬರೇ ಎಂದು ತಿಳಿದು 50ಕ್ಕೆ ಇಳಿಸಿ, ಅನುಮಾನವಿದ್ದರೆ ನಿಂತುಬಿಡಿ. ಜಲ್ಲಿ ರಸ್ತೆಗಳು ಈಗ ಪಕ್ಕದ ದಾರಿಗಳಲ್ಲಷ್ಟೇ ಸಿಗುತ್ತವೆ. ಟಾರು ಮುಗಿದು ಜಲ್ಲಿ ಶುರುವಾಗುವ ಗೆರೆಯಲ್ಲೇ ಕಾರುಗಳು ಉರುಳುವುದು. 80-90ರಲ್ಲಿ ಬಂದು, ಹಿಡಿತ ಕಡಿಮೆಯಾದದ್ದು ಕೈಗೆ ತಿಳಿದ ಮೇಲೆ ಬ್ರೇಕ್ ಒತ್ತಿದರೆ ಹಿಂಭಾಗ ಜಾರುತ್ತದೆ, ಸ್ಟೀರಿಂಗ್ ಎಳೆದರೆ ಹಳ್ಳಕ್ಕೆ. ಗೆರೆಗೆ ಮೊದಲೇ 60ಕ್ಕೆ ಇಳಿಸಿ, ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು ದಾಟಬೇಕು. ಕುರಿಗಳ ವಿಷಯದಲ್ಲೂ ಒಂದು ಮಾತು. ರಸ್ತೆಯ ಒಂದು ಮಗ್ಗುಲಲ್ಲಿ ತಾಯಿ, ಇನ್ನೊಂದರಲ್ಲಿ ಮರಿ ಕಂಡರೆ ಹತ್ತಿರ ಹೋಗುತ್ತಿದ್ದಂತೆ ಮರಿ ತಾಯಿಯ ಕಡೆಗೇ ಓಡುತ್ತದೆ. ಮೊದಲೇ ನಿಧಾನ ಮಾಡಿ.

ದಕ್ಷಿಣದಲ್ಲಿ ವೀಕ್ ದಾಟಿದ ಕೂಡಲೇ ಕಾಟ್ಲಾದ ಮರಳುಬಯಲು. ಕಾಟ್ಲಾ ಕೊನೆಯದಾಗಿ ದೊಡ್ಡದಾಗಿ ಸಿಡಿದದ್ದು 1918ರಲ್ಲಿ, ಅದೂ ಹಿಮದ ಹೊದಿಕೆಯ ಅಡಿಯಿಂದ. ಅದಕ್ಕೇ ವೀಕ್‌ನ ಗುಡ್ಡದ ಮೇಲಿನ ಕೆಂಪು ಸೂರಿನ ಚರ್ಚು ಆ ಊರಿಗೆ ಪ್ರವಾಹದ ಹೊತ್ತಿನ ಆಸರೆ. ಎಚ್ಚರಿಕೆ ಬರುವುದು ಆ ಪ್ರದೇಶದಲ್ಲಿರುವ ಮೊಬೈಲುಗಳಿಗೆ ಎಸ್ಸೆಮ್ಮೆಸ್ ಆಗಿ. ರೋಮಿಂಗ್ ಉಳಿಸಲೆಂದು ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ಓಡಾಡುವ ನಮ್ಮ ಚಾಳಿಯನ್ನು ಇಲ್ಲಿ ಬಿಡಬೇಕು. ತುರ್ತಿಗೆ 112. ರೇನಿಸ್‌ಫ್ಯಾರಾದಲ್ಲಿ ಸಮುದ್ರಕ್ಕೆ ಬೆನ್ನು ಹಾಕಬೇಡಿ. ದೂರದ ಅಟ್ಲಾಂಟಿಕ್‌ನಿಂದ ತಡೆಯಿಲ್ಲದೆ ಬರುವ ಉದ್ದನೆಯ ಅಲೆಗಳು ತೀರ ಕಡಿದಾಗಿರುವುದರಿಂದ ದೂರದಲ್ಲಿ ಒಡೆಯುವುದಿಲ್ಲ, ನಾಲ್ಕು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡದು ಮರಳಿನ ಮೇಲೆ ಹತ್ತಾರು ಮೀಟರ್ ಒಳಕ್ಕೆ ನುಗ್ಗಿ ಬರುತ್ತದೆ. ಅಲ್ಲಿ ಎಚ್ಚರಿಕೆಯ ದೀಪವಿದೆ. ಕೆಂಪು ಹತ್ತಿದ್ದರೆ ಮರಳಿಗೆ ಇಳಿಯಬಾರದು.

ಕಿರ್ಕ್ಯುಬೈಯಾರ್‌ಕ್ಲೌಸ್ಟುರ್ ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ದಪ್ಪನೆಯ ಬೂದುಹಸಿರು ಪಾಚಿ ಹೊದ್ದ ಉಬ್ಬುತಗ್ಗು ಕಾಣಿಸುತ್ತದೆ. ಎಲ್ಡ್‌ಹ್ರೌನ್ ಎಂಬ ಈ ಲಾವಾ 1783ರ ಜೂನ್ 8ರಿಂದ ಎಂಟು ತಿಂಗಳು ಲಾಕಿ ಬಿರುಕಿನಿಂದ ಹರಿದದ್ದು. ಬಿರುಕಿನ ಸಾಲಿನಲ್ಲಿ ನೂರಕ್ಕೂ ಹೆಚ್ಚು ಬಾಯಿಗಳು. ಲಾವಾಕ್ಕಿಂತ ಹೆಚ್ಚು ಕೊಂದದ್ದು ಅನಿಲ. ಫ್ಲೋರಿನ್ ಕೂತ ಹುಲ್ಲು ಮೇಯ್ದು ದೇಶದ ಕುರಿಗಳಲ್ಲಿ ಬಹುಪಾಲು ಸತ್ತವು, ಹಿಂದೆಯೇ ಬಂದ ಬರಗಾಲದಲ್ಲಿ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಹೋಯಿತು. ಇಂದಿನ ಪಾಚಿ ಆ ಕಲ್ಲಿನ ಮೇಲೆ ಇನ್ನೂರು ಚಿಲ್ಲರೆ ವರ್ಷದಲ್ಲಿ ಬೆಳೆದದ್ದು. ಬೆರಳಿಟ್ಟು ಒತ್ತಿ ನೋಡಿದರೆ ಒಳಗೆ ಮಣ್ಣೇ ಇಲ್ಲ, ಪಾಚಿಯ ಕೆಳಗೆ ಮತ್ತೆ ಪಾಚಿ, ಅದರ ಕೆಳಗೆ ಬರಿಯ ಕಲ್ಲು. ಬೂಟಿನಲ್ಲಿ ತುಳಿದರೆ ಬುಡ ಕಿತ್ತು ಬರುತ್ತದೆ, ಗಾಳಿ ಅಂಚಿನಿಂದ ಸುಲಿಯುತ್ತಾ ಹೋಗುತ್ತದೆ, ಗಾಯ ಮಾಯಲು ದಶಕಗಳು ಬೇಕು. ಅದರ ಅಡಿಯಲ್ಲಿ ಕಾಲು ಮುರಿಯುವಂಥ ಪೊಳ್ಳುಗಳೂ ಇವೆ. ರಸ್ತೆ ಬಿಟ್ಟು ಕಾರು ಇಳಿಸುವುದು ದೇಶದಲ್ಲಿ ಎಲ್ಲೆಡೆ ಅಪರಾಧ, ದಂಡ ದೊಡ್ಡದು. ಆ ದಂಡ ನ್ಯಾಯವಾದದ್ದು ಎಂದೇ ನಾನು ಹೇಳುವುದು.

ಪೂರ್ವಕ್ಕೆ ಬಂದಾಗ ಫೋನಿನ ನಕ್ಷೆ ಓಕ್ಸಿ ಎಂಬ 939ನೇ ನಂಬರ್ ದಾರಿ ತೋರಿಸಿ ದೂರ ಉಳಿಸಲು ಹೇಳುತ್ತದೆ. ಅದು ಕಡಿದಾದ ಜಲ್ಲಿ ಘಾಟಿ, ಮಂಜು ಮುಸುಕಿದರೆ ಬಾನೆಟ್ ಆಚೆ ಕಾಣುವುದಿಲ್ಲ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಒಣಗಿದ ಹೊಳವಾದ ದಿನ ಮಾತ್ರ ಹೋಗಿ. ಉಳಿದಂತೆ ಕಡಲಂಚಿನ ಒಂದನೇ ನಂಬರ್ ರಸ್ತೆಯನ್ನೇ ಹಿಡಿಯಿರಿ.

ಎಗಿಲ್‌ಸ್ಟಾದಿರ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಹೊರಡಬೇಕು. ಮುಂದಿನ 165 ಕಿಲೋಮೀಟರ್ ಬರೀ ಬಯಲು. ಹೆಚ್ಚಿನ ಪಂಪುಗಳಲ್ಲಿ ಆಳಿರುವುದಿಲ್ಲ. ಕಾರ್ಡು ಹಾಕಿ ನಾಲ್ಕಂಕಿಯ ಪಿನ್ ಒತ್ತಬೇಕು. ಫುಲ್ ಟ್ಯಾಂಕ್ ಆರಿಸಿದರೆ ಮೊದಲು ದೊಡ್ಡ ಮೊತ್ತವನ್ನು ಹಿಡಿದಿಟ್ಟು, ಉಳಿದದ್ದು ದಿನಗಳ ಮೇಲೆ ವಾಪಸ್ ಬರುತ್ತದೆ. ಹಾಗಾಗಿ ಮೊತ್ತ ಆರಿಸಿ ಹಾಕಿಸುವುದೇ ಜಾಣತನ. ಫಾರೆಕ್ಸ್ ಕಾರ್ಡು ಇಂಥ ಪಂಪಿನಲ್ಲಿ ಕೆಲವೊಮ್ಮೆ ನಡೆಯುವುದಿಲ್ಲ. ಆಳಿರುವ ಬಂಕಿನಲ್ಲಿ ಪ್ರೀಪೇಯ್ಡ್ ಕಾರ್ಡು ಕೊಂಡು ಇಟ್ಟುಕೊಳ್ಳಿ. ಊಟಕ್ಕೆ ಬೋನಸ್, ಕ್ರೋನಾನ್ ಎಂಬ ದಿನಸಿ ಅಂಗಡಿಗಳು ದೊಡ್ಡ ಊರುಗಳಲ್ಲಿವೆ. ಸಸ್ಯಾಹಾರಿಗಳಿಗೆ ಸಣ್ಣ ಊರಿನ ಹೋಟೆಲುಗಳಲ್ಲಿ ಸಿಗುವುದು ಆಲೂಗಡ್ಡೆ ಚಿಪ್ಸು ಮತ್ತು ಸೂಪು. ಮನೆಯಿಂದ ಒಯ್ದ ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸು, ಚಟ್ನಿಪುಡಿ, ಅಲ್ಲಿನ ಸ್ಕೈರ್ ಮೊಸರು ಸೇರಿದರೆ ದಾರಿ ಸಾಗುತ್ತದೆ. ನಲ್ಲಿಯ ತಣ್ಣೀರು ಎಲ್ಲೆಡೆ ಕುಡಿಯಬಹುದು. ಬಿಸಿನೀರಿಗೆ ಗಂಧಕದ ವಾಸನೆ ಇರುವ ಕಡೆ ಬೆಳ್ಳಿಯ ಉಂಗುರ, ಕಾಲುಂಗುರ ತೆಗೆದಿಟ್ಟು ಸ್ನಾನ ಮಾಡಿ, ಇಲ್ಲದಿದ್ದರೆ ಕಪ್ಪಾಗುತ್ತವೆ.

ಮೀವಾತ್ನ್ ಸೀಮೆಗೆ ಎರಡು ದಿನ ಕೊಟ್ಟರೂ ಹೆಚ್ಚಲ್ಲ. ಇಡೀ ಉಂಗುರದಲ್ಲಿ ನೆಲದ ಕೆಲಸ ಇಷ್ಟು ಹತ್ತಿರದಿಂದ ಕಾಣುವ ಜಾಗ ಇನ್ನೊಂದಿಲ್ಲ. ಪೂರ್ವದಿಂದ ಬರುವಾಗ ಸರೋವರದ ಘಾಟಿ ಹತ್ತುವ ಮೊದಲೇ ಸಿಗುವುದು ಹ್ವೇರಿರ್: ಕೆಸರಿನ ಗುಂಡಿಗಳು ಗಂಜಿಯ ಹಾಗೆ ತಪತಪನೆ ಕುದಿಯುತ್ತವೆ, ಕಲ್ಲುರಾಶಿಗಳಿಂದ ಹಬೆ ಸಿಳ್ಳೆ ಹೊಡೆಯುತ್ತದೆ. ಹಗ್ಗದಾಚೆಯ ನೆಲ ಗಟ್ಟಿಯಾಗಿ ಕಂಡರೂ ಬಿಳಿಚಿಕೊಂಡ, ತಿಳಿಬಣ್ಣದ ಜಾಗಗಳು ಆಮ್ಲದ ಹಬೆಗೆ ಕಲ್ಲು ಜೇಡಿಯಾಗಿರುವಂಥವು. ಮೇಲೆ ತೆಳು ಹಕ್ಕಳೆ, ಕೆಳಗೆ ನೂರು ಡಿಗ್ರಿಯ ಆಸುಪಾಸಿನ ಕೆಸರು. ಅಲ್ಲಿಂದ ಕ್ರಾಫ್ಲಾ ಜ್ವಾಲಾಮುಖಿಯ ಕಡೆಗೆ ತಿರುಗಿದರೆ ರಸ್ತೆ ವಿದ್ಯುತ್ ಕೇಂದ್ರದ ಹಬೆ ಕೊಳವೆಯ ಕಮಾನಿನ ಕೆಳಗೆ ಹೋಗುತ್ತದೆ. 1975ರಲ್ಲಿ ಆ ಕೇಂದ್ರ ಕಟ್ಟುತ್ತಿರುವಾಗಲೇ ಪಕ್ಕದಲ್ಲಿ ಲಾವಾ ಎದ್ದು, ಬಿಟ್ಟು ಬಿಟ್ಟು 1984ರವರೆಗೆ ಹರಿಯಿತು. ಆದರೂ ಕೇಂದ್ರ ಮುಗಿಸಿದರು, ಇಂದು 60 ಮೆಗಾವಾಟ್ ಕೊಡುತ್ತಿದೆ. 2009ರಲ್ಲಿ ಅಲ್ಲೇ ಕೊರೆಯುತ್ತಿದ್ದ ಬಾವಿ ಎರಡು ಕಿಲೋಮೀಟರ್ ಚಿಲ್ಲರೆ ಆಳದಲ್ಲಿ ನೇರ ಕರಗಿದ ಶಿಲೆಗೇ ಹೊಕ್ಕಿತು. ಲೇಯ್ರ್‌ನ್ಯುಕುರ್ ಕಾಲುದಾರಿಯಲ್ಲಿ ನಡೆದರೆ 1984ರ ಲಾವಾದಿಂದ ಈಗಲೂ ಅಲ್ಲಲ್ಲಿ ಹಬೆ ಬರುತ್ತದೆ. ಅಂಚುಗಳು ಒಡೆದ ಗಾಜಿನಷ್ಟು ಹರಿತ, ಗಟ್ಟಿ ಅಟ್ಟೆಯ ಬೂಟು ಬೇಕು. ಗ್ರ್ಯೋಟಾಗ್ಯಾ ಗುಹೆಯ ನೀರಲ್ಲಿ ಮೊದಲು ಊರವರು ಸ್ನಾನ ಮಾಡುತ್ತಿದ್ದರು. ಆ ಸ್ಫೋಟಗಳ ಕಾಲದಲ್ಲಿ ನೀರು ಮೈ ಸುಡುವಷ್ಟು ಕಾದು ಸ್ನಾನ ನಿಂತಿತು. ಬೇಸಿಗೆಯಲ್ಲಿ ಸರೋವರದ ನುಸಿ ಮುಖಕ್ಕೆ ಮುತ್ತುತ್ತದೆ, ಮುಖಪರದೆಯೊಂದು ಕಿಸೆಯಲ್ಲಿರಲಿ.

ಒಳನಾಡಿನ ಎಫ್ ರಸ್ತೆಗಳು ಹೆಚ್ಚಾಗಿ ಜೂನ್ ಮಧ್ಯದ ಮೇಲೆ ತೆರೆಯುತ್ತವೆ. ಅಲ್ಲಿ ಸೇತುವೆಯಿಲ್ಲದ ನದಿಗಳಿವೆ. ಹಿಮನದಿ ಬೆಳಿಗ್ಗೆ ಇಳಿದಿರುತ್ತದೆ, ಬಿಸಿಲಿಗೆ ಹಿಮ ಕರಗಿ ಸಂಜೆಗೆ ಏರುತ್ತದೆ. ಬೆಳಿಗ್ಗೆ ದಾಟಿ ಹೋದವರು ಸಂಜೆ ಹಿಂತಿರುಗಲಾರದೆ ಸಿಕ್ಕಿಕೊಳ್ಳುವುದು ಇದರಿಂದಲೇ. ನೀರು ಅಗಲವಾಗಿ ಹರಡಿ ಸಣ್ಣ ಅಲೆ ಎದ್ದಿರುವ ಕಡೆ ಆಳ ಕಡಿಮೆ, ನುಣ್ಣಗೆ ಕಾಣುವ ಕಡೆ ಹೆಚ್ಚು. ದಾಟುವಾಗ ಮೊದಲೇ ಕೆಳಗಿನ ಗೇರು ಹಾಕಿ, ಹರಿವಿನ ಜೊತೆ ಓರೆಯಾಗಿ, ನಿಲ್ಲದೆ, ಗೇರು ಬದಲಿಸದೆ ಹೋಗಬೇಕು. ಎಂಜಿನ್ ಗಾಳಿಯ ಬದಲು ನೀರು ಎಳೆದುಕೊಂಡರೆ ಪಿಸ್ಟನ್ನು ನೀರನ್ನು ಒತ್ತಲಾರದೆ ರಾಡು ಬಾಗುತ್ತದೆ, ಎಂಜಿನ್ ಮುಗಿಯಿತು. ಬಾಡಿಗೆ ಕಾರಿನಲ್ಲಿ ಬಂದ ಹೊಸಬರಿಗೆ ಒಳನಾಡಿಗೆ ಹೋಗುವ ಹೈಲ್ಯಾಂಡ್ ಬಸ್ಸೇ ಸರಿ.

ಆಕುರೇಯ್ರಿಯ ಮುಂಚೆ ಬರುವ 7.4 ಕಿಲೋಮೀಟರಿನ ವಾದ್ಲಾಹೇಯ್ದಿ ಸುರಂಗಕ್ಕೆ ಟೋಲ್ ಇದೆ, ಗೇಟಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ಅಂದೇ ಆನ್‌ಲೈನಿನಲ್ಲಿ ಕಟ್ಟದಿದ್ದರೆ ಬಾಡಿಗೆ ಕಂಪನಿಯ ಮೂಲಕ ಹೆಚ್ಚಿನ ಬಿಲ್ಲು ಬರುತ್ತದೆ. ರೇಕ್ಯಾವಿಕ್‌ಗೆ ಮುಂಚಿನ ಹ್ವಾಲ್‌ಫ್ಯೋರ್ದುರ್ ಸಮುದ್ರ ಸುರಂಗ 2018ರಿಂದ ಉಚಿತ.

ಕೊನೆಗೆ ಕಾರು ಒಪ್ಪಿಸಲು ಹೋಗುವ ಕೆಫ್ಲಾವಿಕ್ ವಿಮಾನ ನಿಲ್ದಾಣ ಇರುವ ರೇಕ್ಯಾನೆಸ್ ಪರ್ಯಾಯ ದ್ವೀಪ ಈಗ ಎಚ್ಚೆತ್ತಿರುವ ನೆಲ. 2021ರಿಂದ ಅಲ್ಲಿ ಸ್ಫೋಟಗಳು ಶುರುವಾಗಿವೆ. 2023ರ ನವೆಂಬರ್ 10ರ ರಾತ್ರಿ ಗ್ರಿಂದಾವಿಕ್ ಊರನ್ನೇ ಖಾಲಿ ಮಾಡಿಸಿದರು. 2024ರಲ್ಲಿ ಲಾವಾ ಆ ಊರಿನ ರಸ್ತೆಯನ್ನು ಮುಚ್ಚಿತು, ಬಿಸಿನೀರಿನ ಕೊಳವೆಯನ್ನು ಕಡಿಯಿತು, ಬ್ಲೂ ಲಗೂನ್ ಎಂಬ ಬಿಸಿನೀರಿನ ಸ್ನಾನದ ಕೊಳದ ಪಾರ್ಕಿಂಗ್ ಜಾಗದ ಮೇಲೆ ಹರಿಯಿತು. ಆರದ ಲಾವಾದ ಮೇಲೆಯೇ ಮಣ್ಣು ಹಾಕಿ ರಸ್ತೆಯನ್ನು ಮತ್ತೆ ಎಬ್ಬಿಸಿದರು. ವಿಮಾನ ನಿಲ್ದಾಣದ 41ನೇ ನಂಬರ್ ರಸ್ತೆ ಉತ್ತರದ ಅಂಚಿನಲ್ಲಿ ಇರುವುದರಿಂದ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಬ್ಲೂ ಲಗೂನ್ ಅಥವಾ ಗ್ರಿಂದಾವಿಕ್ ಕಡೆ ತಿರುಗುವ ಯೋಚನೆಯಿದ್ದರೆ ಆ ಬೆಳಿಗ್ಗೆಯೇ ರಸ್ತೆಯ ನಕ್ಷೆಯನ್ನೂ ಗಂಧಕ ಅನಿಲದ ಎಚ್ಚರಿಕೆಯನ್ನೂ ನೋಡಿ. ವಿಮಾನಕ್ಕೆ ಮೂರು ಗಂಟೆ ಮೊದಲೇ ಕಾರು ತೊಳೆದು ಒಪ್ಪಿಸಿ, ಮರಳಿನ ಧೂಳಿನಡಿ ಗೀರು ಇದೆಯೋ ಇಲ್ಲವೋ ಎಂಬುದನ್ನು ಅವರ ಎದುರೇ ನೋಡಿ, ನಾಲ್ಕೂ ಬಾಗಿಲು ಸರಿಯಾಗಿ ಮುಚ್ಚುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ.